ಒತ್ತಡವಿಳಿಕೆಯ ಮಾದರಿಗಳೂ ಮುಳುಗುಗಣಕಗಳೂ: ಒಂದು ತೌಲನಿಕ ವಿಮರ್ಶೆ

೧

ಕಡಲಿನ ಆಳಕ್ಕೆ ಇಳಿದ ಮನುಷ್ಯನು ಮೇಲಕ್ಕೆ ಬರುವಾಗ ಎಲ್ಲೆಲ್ಲಿ, ಎಷ್ಟೆಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಈಗ ಅವನ ಮಣಿಕಟ್ಟಿಗೆ ಕಟ್ಟಿದ ಒಂದು ಸಣ್ಣ ಯಂತ್ರವು ತಿಳಿಸುತ್ತದೆ. ಆ ಯಂತ್ರವು ಅವನ ದೇಹವನ್ನು ಅಳೆಯುವುದಿಲ್ಲ; ಆಳವನ್ನೂ ಕಾಲವನ್ನೂ ಅಳೆದು, ದೇಹದೊಳಗೆ ಏನಾಗಿರಬಹುದೆಂಬುದನ್ನು ಒಂದು ಗಣಿತ ಮಾದರಿಯ ಮೂಲಕ ಊಹಿಸುತ್ತದೆ. ಹಾಗೆ ಊಹಿಸುವ ಮಾದರಿಗಳು ಒಂದಲ್ಲ, ಹಲವು; ಅವುಗಳೊಳಗೆ ವಿರೋಧವೂ ಉಂಟು. ಒಂದೇ ಆಳಕ್ಕೆ ಹೋಗಿ ಒಂದೇ ಹೊತ್ತು ಇದ್ದು ಬರುವ ಇಬ್ಬರ ಕೈಯಲ್ಲಿರುವ ಎರಡು ಯಂತ್ರಗಳು ಎರಡು ಬಗೆಯ ಆದೇಶವನ್ನು ಕೊಟ್ಟಾಗ ಯಾವುದನ್ನು ನಂಬಬೇಕು, ಏಕೆ ನಂಬಬೇಕು ಎಂಬುದು ಪ್ರಕೃತ ಲೇಖನದ ವಿಷಯ.

ಕಡಲಿನಿಂದ ದೂರದಲ್ಲಿರುವ ಹಾವೇರಿ ಸೀಮೆಯ ವಾಚಕರಿಗೆ ಈ ವಿಚಾರ ಏತಕ್ಕೆ ಎಂದು ಕೇಳಬಹುದು. ಮುರ್ಡೇಶ್ವರದ ತೀರದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪವು ಕರ್ನಾಟಕದಲ್ಲಿ ಗಾಳಿಯ ಸಿಲಿಂಡರನ್ನು ಹೊತ್ತು ಮುಳುಗುವವರಿಗೆ ಮುಖ್ಯ ತಾಣವಾಗಿದೆ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಅಲ್ಲಿಗೆ ಹೋಗುವವರಲ್ಲಿ ಕರಾವಳಿಯವರಿಗಿಂತ ಘಟ್ಟದ ಮೇಲಿನವರು ಕಡಮೆಯೇನಲ್ಲ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿದವನು ಕುಮಟಾದಿಂದ ದೇವಿಮನೆ ಘಟ್ಟವನ್ನೇರಿ, ಸಿರ್ಸಿಯನ್ನು ದಾಟಿ, ಅಂದಿನ ಸಂಜೆಗೇ ಹಾವೇರಿಯನ್ನೋ ರಾಣೇಬೆನ್ನೂರನ್ನೋ ದೇವರಗುಡ್ಡವನ್ನೋ ಸೇರಬಲ್ಲನು. ಈ ಹಾದಿಯು ಅವನ ಮುಳುಗಿನ ಒಂದು ಭಾಗವೇ ಹೊರತು ಮುಳುಗು ಮುಗಿದ ಮೇಲಿನ ಪ್ರಯಾಣವಲ್ಲವೆಂಬುದನ್ನು ಮುಂದೆ ತೋರಿಸಲಿರುವೆವು.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಡಿಕಂಪ್ರೆಷನ್ ಎಂಬುದನ್ನು ನಾವು ‘ಒತ್ತಡವಿಳಿಕೆ’ ಎಂದೂ, ಡೈವ್ ಕಂಪ್ಯೂಟರನ್ನು ‘ಮುಳುಗುಗಣಕ’ ಎಂದೂ ಕರೆದಿರುತ್ತೇವೆ. ಮೇಲೆ ಬರುವಾಗ ನಡುವೆ ನಿಲ್ಲುವುದಕ್ಕೆ ‘ನಿಲುಗಡೆ’ ಎಂಬ ರೂಢಿಯ ಮಾತೇ ಸಾಕು.

೨

ನೀರಿನಲ್ಲಿ ಪ್ರತಿ ೧೦ ಮೀಟರು ಇಳಿದಂತೆ ದೇಹದ ಮೇಲಿನ ಒತ್ತಡವು ಸುಮಾರು ಒಂದು ಬಾರ್ ಹೆಚ್ಚುತ್ತದೆ. ಸಮುದ್ರ ಮಟ್ಟದಲ್ಲಿ ಒಂದು ಬಾರ್ ಇರುವುದು ೩೦ ಮೀಟರಿನಲ್ಲಿ ನಾಲ್ಕಾಗುವುದು. ಮುಳುಗುಗಾರನು ಉಸಿರಾಡುವ ಗಾಳಿಯೂ ಅದೇ ಒತ್ತಡದಲ್ಲಿ ಬರಬೇಕಾದುದರಿಂದ, ಗಾಳಿಯ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ಸಾರಜನಕವು ರಕ್ತದ ಮೂಲಕ ಅಂಗಾಂಶಗಳಲ್ಲಿ ಹೆಚ್ಚು ಹೆಚ್ಚಾಗಿ ಕರಗುತ್ತದೆ. ಆಳದಲ್ಲಿರುವಷ್ಟು ಕಾಲ ಇದರಿಂದ ಈ ಬಗೆಯ ಬಾಧೆಯಿಲ್ಲ. ಬೇಗನೆ ಮೇಲೆ ಬಂದರೆ ಮಾತ್ರ, ಸೋಡಾ ಸೀಸೆಯ ಬಿರಟೆ ತೆಗೆದಾಗ ನಡೆಯುವುದೇ ದೇಹದಲ್ಲಿಯೂ ನಡೆಯುತ್ತದೆ. ಕರಗಿದ ಅನಿಲವು ಗುಳ್ಳೆಗಳಾಗಿ ಹೊರಡುತ್ತದೆ. ಕೀಲುಗಳಲ್ಲಿ ನೋವು, ಚರ್ಮದಲ್ಲಿ ತುರಿಕೆ, ಕೆಟ್ಟ ಪ್ರಸಂಗಗಳಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲುಗಳ ಸ್ವಾಧೀನ ತಪ್ಪುವುದು ಇವು ಇದರ ಫಲಗಳು. ಸೇತುವೆಗಳ ಬುನಾದಿಗಾಗಿ ಒತ್ತಡದ ಕೋಣೆಗಳಲ್ಲಿ ಕೆಲಸ ಮಾಡುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಕೂಲಿಗಾರರು ಈ ಬೇನೆಗೆ ಗುರಿಯಾದವರು. ಇದಕ್ಕೆ ಸಾರಜನಕದ ಗುಳ್ಳೆಗಳೇ ಕಾರಣವೆಂದು ಫ್ರಾನ್ಸಿನ ಪಾಲ್ ಬೇರ್ ೧೮೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟನು.

ಕಾರಣ ತಿಳಿದ ಮೇಲೆ ಲೆಕ್ಕ ಬೇಕಾಯಿತು. ಅದನ್ನು ಒದಗಿಸಿದವನು ಜಾನ್ ಸ್ಕಾಟ್ ಹಾಲ್ಡೇನ್. ಬ್ರಿಟಿಷ್ ನೌಕಾದಳಕ್ಕಾಗಿ ಮೇಕೆಗಳ ಮೇಲೂ ಮನುಷ್ಯರ ಮೇಲೂ ಪ್ರಯೋಗ ನಡೆಸಿ, ೧೯೦೮ರಲ್ಲಿ ಅವನೂ ಅವನ ಸಹೋದ್ಯೋಗಿಗಳೂ ತಮ್ಮ ಕೋಷ್ಟಕಗಳನ್ನು ಪ್ರಕಟಿಸಿದರು. ದೇಹವನ್ನು ಐದು ಕಲ್ಪಿತ ಅಂಗಾಂಶಗಳಾಗಿ ವಿಂಗಡಿಸಿ, ಅವುಗಳ ಅರ್ಧಾವಧಿಗಳನ್ನು ೫, ೧೦, ೨೦, ೪೦, ೭೫ ನಿಮಿಷಗಳೆಂದು ಅವರು ಇಟ್ಟುಕೊಂಡರು. ಅರ್ಧಾವಧಿಯೆಂದರೆ, ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ಅಂತರವು ಅರ್ಧಕ್ಕೆ ಇಳಿಯಲು ಬೇಕಾದ ಕಾಲ. ಉದಾಹರಣೆಗೆ, ೩೦ ಮೀಟರಿನಲ್ಲಿ ಉಸಿರಾಡುವ ಗಾಳಿಯಲ್ಲಿನ ಸಾರಜನಕದ ಒತ್ತಡ ೩.೧೬ ಬಾರ್, ಇಳಿಯುವ ಮೊದಲು ದೇಹದಲ್ಲಿದ್ದುದು ೦.೭೯. ೨೦ ನಿಮಿಷ ಕಳೆದಾಗ ೨೦ ನಿಮಿಷದ ಅಂಗಾಂಶವು ಇವೆರಡರ ನಡುವಣ ೧.೯೭ಕ್ಕೆ ಬಂದಿರುತ್ತದೆ, ೪೦ ನಿಮಿಷ ಕಳೆದಾಗ ೨.೫೭ಕ್ಕೆ. ಒಟ್ಟು ಒತ್ತಡವನ್ನು ಅರ್ಧಕ್ಕೆ ಇಳಿಸಿದರೂ ಬಾಧೆಯಾಗದೆಂಬ ಅನುಭವದಿಂದ ಹೊರಟು, ಯಾವ ಅಂಗಾಂಶವೂ ಈ ಎರಡಕ್ಕೊಂದರ ಪ್ರಮಾಣವನ್ನು ಮೀರದಂತೆ ನಿಲುಗಡೆಗಳನ್ನು ಹಾಕಿದರು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಐದು ಅಂಗಾಂಶಗಳು ಶರೀರಶಾಸ್ತ್ರದ ವಸ್ತುಗಳಲ್ಲ. ಇದು ಮೂಳೆ, ಇದು ಕೊಬ್ಬು ಎಂದು ಅವುಗಳನ್ನು ಬೆರಳಿಟ್ಟು ತೋರಿಸುವಂತಿಲ್ಲ. ಅವು ಲೆಕ್ಕದ ಸಾಧನಗಳು. ಇವನ ಮಗ ಜೆ. ಬಿ. ಎಸ್. ಹಾಲ್ಡೇನ್ ಎಳೆಯನಾಗಿದ್ದಾಗಲೇ ತಂದೆಯ ಪ್ರಯೋಗಗಳಲ್ಲಿ ನೀರಿಗಿಳಿದವನು. ಮುಂದೆ ಒತ್ತಡದ ಕೋಣೆಗಳಲ್ಲಿ ತನ್ನ ದೇಹವನ್ನೇ ಪ್ರಯೋಗಕ್ಕೊಡ್ಡಿದನು. ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಆ ವಿಜ್ಞಾನಿಯನ್ನು ನಮ್ಮವರು ತಳಿವಿಜ್ಞಾನಿಯೆಂದೇ ಬಲ್ಲರು. ತಂದೆ ಮಕ್ಕಳಿಬ್ಬರ ಪದ್ಧತಿಯೂ ಒಂದೇ: ಲೆಕ್ಕವನ್ನು ಜೀವದ ಮುಂದೆ ನಿಲ್ಲಿಸಿ ಪರೀಕ್ಷಿಸುವುದು.

೩

ಹಾಲ್ಡೇನನ ಒಂದೇ ಪ್ರಮಾಣವು ಎಲ್ಲ ಅಂಗಾಂಶಗಳಿಗೂ ಎಲ್ಲ ಆಳಗಳಿಗೂ ಹೊಂದುವುದಿಲ್ಲವೆಂದು ಬರಬರುತ್ತ ಕಂಡುಬಂದಿತು. ಬೇಗ ತುಂಬಿ ಬೇಗ ಬರಿದಾಗುವ ಅಂಗಾಂಶಗಳು ಹೆಚ್ಚಿನ ಅತಿಸಂತೃಪ್ತತೆಯನ್ನು ತಾಳುತ್ತವೆ, ನಿಧಾನದವು ತಾಳಲಾರವು. ಅಮೆರಿಕದ ನೌಕಾದಳದ ರಾಬರ್ಟ್ ವರ್ಕ್‌ಮನ್ ೧೯೬೫ರಲ್ಲಿ ಪ್ರತಿಯೊಂದು ಅಂಗಾಂಶಕ್ಕೂ ಆಳದೊಡನೆ ಬದಲಾಗುವ ಪ್ರತ್ಯೇಕ ಸಹನಮಿತಿಯನ್ನು ನಿರ್ಣಯಿಸಿದನು. ಇದನ್ನೇ ಜ್ಯೂರಿಕ್ಕಿನ ವೈದ್ಯ ಆಲ್ಬರ್ಟ್ ಬ್ಯೂಲ್‌ಮನ್ ಬೆಳೆಸಿ, ಮೊದಲು ಝಡ್‌ಎಚ್‌ಎಲ್-೧೨, ಆ ಮೇಲೆ ಝಡ್‌ಎಚ್‌ಎಲ್-೧೬ ಎಂಬ ಮಾದರಿಗಳನ್ನು ಕೊಟ್ಟನು. ಇದರ ೧೬ ಅಂಗಾಂಶಗಳ ಅರ್ಧಾವಧಿಗಳು ಸಾರಜನಕಕ್ಕೆ ೪ ನಿಮಿಷದಿಂದ ೬೩೫ ನಿಮಿಷದವರೆಗೆ ಹರಡಿವೆ. ಹೀಲಿಯಮ್ಮಿಗೆ ಇವು ಸುಮಾರು ೨.೬೫ ಪಟ್ಟು ಚಿಕ್ಕವು. ಸ್ವಿಟ್ಜರ್ಲೆಂಡಿನವನಾದ ಬ್ಯೂಲ್‌ಮನ್ ಪರ್ವತಗಳ ಸರೋವರಗಳಲ್ಲಿ ಮುಳುಗುವವರನ್ನೂ ಕಣ್ಣಮುಂದಿಟ್ಟುಕೊಂಡಿದ್ದುದರಿಂದ, ಅವನ ಲೆಕ್ಕದಲ್ಲಿ ಮೇಲ್ಮೈಯ ವಾಯುವಿನ ಒತ್ತಡವೂ ಒಂದು ಅಂಶವಾಗಿ ಸೇರಿದೆ. ಘಟ್ಟದ ಮೇಲಿನವರಾದ ನಮಗೆ ಇದು ಉಪೇಕ್ಷಿಸತಕ್ಕ ಸಂಗತಿಯಲ್ಲ.

ತಾಂತ್ರಿಕ ಮುಳುಗಿನವರು ಸಾಮಾನ್ಯ ವಿಹಾರಕ್ಕೆ ಹೇಳಿದ ೪೦ ಮೀಟರಿನ ಮಿತಿಯನ್ನು ದಾಟುವವರು. ಸಾರಜನಕದ ಮಂಪರನ್ನು ತಪ್ಪಿಸಲು ಹೀಲಿಯಮ್ಮನ್ನು ಬೆರೆಸಿ ಉಸಿರಾಡುವವರು. ಕಡ್ಡಾಯವಾದ ನಿಲುಗಡೆಗಳಿಲ್ಲದೆ ಮೇಲೆ ಬರಲಾರದವರು. ಇವರಿಗೆ ಸಹನಮಿತಿಯ ಅಂಚಿನಲ್ಲೇ ಬರುವುದು ಅಪಾಯಕರವೆಂದು ತೋರಿ, ಮಿತಿಯ ಒಳಗೇ ಉಳಿಯುವ ಒಂದು ಹದ ಬೇಕಾಯಿತು. ಎರಿಕ್ ಬೇಕರ್ ಎಂಬ ಎಂಜಿನಿಯರು ೧೯೯೦ರ ದಶಕದಲ್ಲಿ ಸೂಚಿಸಿದ ಗ್ರೇಡಿಯೆಂಟ್ ಫ್ಯಾಕ್ಟರುಗಳು ಇದಕ್ಕಾಗಿಯೇ ಬಂದವು. ಹೊರಗಿನ ಒತ್ತಡಕ್ಕೂ ಸಹನಮಿತಿಗೂ ನಡುವೆ ಇರುವ ಅಂತರವನ್ನು ನೂರು ಎಂದಿಟ್ಟುಕೊಂಡರೆ, ಅದರಲ್ಲಿ ಎಷ್ಟು ಪಾಲನ್ನು ಬಳಸಿಕೊಳ್ಳಬಹುದೆಂದು ಎರಡು ಅಂಕೆಗಳು ಹೇಳುತ್ತವೆ. ೩೦/೭೦ ಎಂದರೆ ಮೊದಲ ನಿಲುಗಡೆಯು ಅಂತರದ ಶೇಕಡಾ ೩೦ರಲ್ಲಿ, ನೀರಿನಿಂದ ಹೊರಗೆ ಬರುವುದು ಶೇಕಡಾ ೭೦ರಲ್ಲಿ. ಮೊದಲ ಅಂಕೆ ಚಿಕ್ಕದಾದಷ್ಟೂ ಮೊದಲ ನಿಲುಗಡೆ ಆಳಕ್ಕೆ ಸರಿಯುತ್ತದೆ. ಎರಡನೆಯದು ಚಿಕ್ಕದಾದಷ್ಟೂ ಕೊನೆಯ ನಿಲುಗಡೆ ದೀರ್ಘವಾಗುತ್ತದೆ.

ಈ ಪದ್ಧತಿಯ ಗುಣವನ್ನು ನಾವು ಒಂದೇ ಮಾತಿನಲ್ಲಿ ಹೇಳುವುದಾದರೆ, ಇದು ಮುಚ್ಚುಮರೆಯಿಲ್ಲದ್ದು. ಸೂತ್ರ ಪ್ರಕಟವಾಗಿದೆ, ಅಂಕೆಗಳು ಪ್ರಕಟವಾಗಿವೆ; ಕಾಗದ ಲೇಖನಿ ಹಿಡಿದ ಯಾವ ವಿದ್ಯಾರ್ಥಿಯೂ ಲೆಕ್ಕವನ್ನು ತಾಳೆ ನೋಡಬಹುದು. ದೋಷವೂ ಅಷ್ಟೇ ಸ್ಪಷ್ಟ. ಗುಳ್ಳೆಗಳಿಂದ ಬರುವ ಬೇನೆಯನ್ನು ಕುರಿತ ಈ ಮಾದರಿಯಲ್ಲಿ ಗುಳ್ಳೆಯ ಮಾತೇ ಇಲ್ಲ. ಕರಗಿರುವ ಅನಿಲದ ಲೆಕ್ಕ ಮಾತ್ರ ಇದೆ.

೪

ಈ ಕೊರತೆಯನ್ನು ತುಂಬಲು ಹೊರಟವು ಗುಳ್ಳೆಯ ಮಾದರಿಗಳು. ಹವಾಯಿಯ ಡೇವಿಡ್ ಯೌಂಟ್ ಜೆಲಟಿನ್ ಮುದ್ದೆಗಳನ್ನು ಒತ್ತಡಕ್ಕೊಳಪಡಿಸಿ, ಒತ್ತಡ ಇಳಿದಾಗ ಅವುಗಳಲ್ಲಿ ಹುಟ್ಟುವ ಗುಳ್ಳೆಗಳನ್ನು ಎಣಿಸಿದನು. ದ್ರವದಲ್ಲಿ ಮೊದಲೇ ಸೂಕ್ಷ್ಮವಾದ ಅನಿಲಬೀಜಗಳಿರುತ್ತವೆ, ಅವುಗಳಿಗೆ ತೆಳ್ಳನೆಯ ಪೊರೆಯಿರುತ್ತದೆ, ಆ ಪೊರೆಯು ಅಧಿಕ ಒತ್ತಡದಲ್ಲಿ ಅನಿಲವನ್ನು ಹಾಯಗೊಡುವುದಿಲ್ಲ ಎಂಬ ಕಲ್ಪನೆಯ ಮೇಲೆ ವಿಪಿಎಂ ಎಂಬ ಮಾದರಿ ನಿಂತಿದೆ. ಲಾಸ್ ಅಲಮಾಸ್ ಪ್ರಯೋಗಾಲಯದ ಬ್ರೂಸ್ ವಿಂಕಿಯ ಆರ್‌ಜಿಬಿಎಂ ಕೂಡ ಇದೇ ಕುಲಕ್ಕೆ ಸೇರಿದುದು. ಗುಳ್ಳೆ ಬೆಳೆದ ಮೇಲೆ ಅದನ್ನು ಕುಗ್ಗಿಸುವುದಕ್ಕಿಂತ ಬೆಳೆಯದಂತೆ ನೋಡುವುದು ಮೇಲು, ಆದುದರಿಂದ ಆಳದಲ್ಲಿಯೇ ಮೊದಲ ನಿಲುಗಡೆಗಳನ್ನು ಮಾಡಬೇಕು ಎಂಬುದು ಇವುಗಳ ಒಟ್ಟು ಉಪದೇಶ.

ಇದಕ್ಕೆ ಅನುಭವದ ಬೆಂಬಲವೂ ದೊರೆಯಿತು. ಮತ್ಸ್ಯವಿಜ್ಞಾನಿ ರಿಚರ್ಡ್ ಪೈಲ್ ಆಳದಿಂದ ಮೀನುಗಳನ್ನು ಹಿಡಿದು ತರುವಾಗ, ಅವುಗಳ ಗಾಳಿಚೀಲ ಬಿರಿಯದಂತೆ ನಡುವೆ ನಿಂತು ಅದರ ಗಾಳಿ ಬಿಡಬೇಕಾಗುತ್ತಿತ್ತು. ಹಾಗೆ ನಿಂತ ದಿನಗಳಲ್ಲಿ ತನಗೆ ಆಯಾಸ ಕಡಮೆಯೆಂದು ಅವನಿಗೆ ಕಂಡಿತು. ಸಿದ್ಧಾಂತವೂ ಅನುಭವವೂ ಹೀಗೆ ಒಂದಾಗಿ ಕಂಡಾಗ, ಆಳದ ನಿಲುಗಡೆಯು ಸುಮಾರು ಒಂದು ದಶಕದ ಕಾಲ ತಾಂತ್ರಿಕ ಮುಳುಗಿನವರಲ್ಲಿ ಶಿಷ್ಟಾಚಾರವಾಯಿತು. ಬ್ಯೂಲ್‌ಮನ್ ಮಾದರಿಯನ್ನು ಬಳಸುವವರೂ ಮೊದಲ ಅಂಕೆಯನ್ನು ೩೦, ೨೦, ಕೆಲವೊಮ್ಮೆ ೧೦ಕ್ಕೂ ಇಳಿಸಿ ಗುಳ್ಳೆಯ ಮಾದರಿಯನ್ನು ಹೋಲುವಂತೆ ಮಾಡಿಕೊಂಡರು.

ಸಾಹಿತ್ಯದ ವಿಮರ್ಶಕನಿಗೆ ಈ ಪ್ರಸಂಗ ಅಪರಿಚಿತವಲ್ಲ. ಒಂದು ವಿವರಣೆಯು ಮೂಲವಸ್ತುವಿಗೆ ಹತ್ತಿರವಾಗಿದೆಯೆಂದು ತೋರಿದೊಡನೆ ಅದು ನಿಜವೆಂದು ಮನಸ್ಸು ಒಪ್ಪಿಬಿಡುತ್ತದೆ. ಗುಳ್ಳೆಯ ಬೇನೆಗೆ ಗುಳ್ಳೆಯ ಲೆಕ್ಕ ಎಂಬುದು ಕೇಳಲು ಯುಕ್ತವಾಗಿದೆ. ಯುಕ್ತವಾಗಿರುವುದೂ ಸರಿಯಾಗಿರುವುದೂ ಒಂದೇ ಅಲ್ಲ.

೫

ಮಾದರಿಯೊಂದು ಸರಿಯೆಂದು ತಿಳಿಯುವ ಬಗೆ ಹೇಗೆ? ‘ಇದರಂತೆ ನಡೆದೆ, ಏನೂ ಆಗಲಿಲ್ಲ’ ಎಂಬ ಮಾತು ಎಷ್ಟು ಸಲ ಕೇಳಿಬಂದರೂ ಅದರಿಂದ ಸಿದ್ಧವಾಗುವುದು ಸ್ವಲ್ಪವೇ. ಈ ಬೇನೆ ವಿರಳವಾದುದು. ನೂರಕ್ಕೆ ಒಂದರಷ್ಟು ಅಪಾಯವಿರುವ ಒಂದು ಕ್ರಮವನ್ನು ಅನುಸರಿಸಿ ೩೦೦ ಸಲ ಮುಳುಗಿದರೂ ಒಮ್ಮೆಯೂ ಬೇನೆ ಬಾರದಿರುವ ಸಂಭವ ಶೇಕಡಾ ೫ರಷ್ಟು ಇದ್ದೇ ಇದೆ. ೩೦೦ ನಿರಪಾಯದ ಮುಳುಗುಗಳನ್ನು ತೋರಿಸಿದವನು ಅಪಾಯವು ನೂರಕ್ಕೊಂದಕ್ಕಿಂತ ಕಡಮೆಯಿರಬಹುದೆಂದು ಮಾತ್ರ ಹೇಳಬಹುದೇ ಹೊರತು ಅದಕ್ಕಿಂತ ಹೆಚ್ಚಿಗೆ ಹೇಳಲಾರನು. ಜೀವಮಾನದಲ್ಲಿ ಅಷ್ಟು ಮುಳುಗುಗಳನ್ನು ಒಂದೇ ರೀತಿಯಲ್ಲಿ ಮಾಡಿದವರು ಎಷ್ಟು ಮಂದಿ?

ನಮ್ಮ ಭಾಗದ ವಾಚಕರಿಗೆ ಚೆನ್ನಾಗಿ ಪರಿಚಿತವಾದ ಒಂದು ನಿದರ್ಶನದಿಂದ ಈ ಅಂಶವನ್ನು ಸ್ಪಷ್ಟಪಡಿಸಬಹುದು. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಕಾಲಕ್ಕೆ ಮಾಲತೇಶ ದೇವರ ಕಾರಣಿಕ ನಡೆಯುತ್ತದೆ. ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ನೆರೆದ ಜನಸ್ತೋಮ ನಿಶ್ಶಬ್ದವಾದಾಗ ಒಂದೇ ಒಂದು ವಾಕ್ಯವನ್ನು ನುಡಿಯುತ್ತಾನೆ. ಆ ವಾಕ್ಯವನ್ನು ರೈತನು ಮಳೆ ಬೆಳೆಗೆ, ವ್ಯಾಪಾರಿಯು ಧಾರಣೆಗೆ, ರಾಜಕಾರಣದವನು ಅಧಿಕಾರದ ಆಗುಹೋಗುಗಳಿಗೆ ಹೊಂದಿಸಿ ಅರ್ಥ ಮಾಡಿಕೊಳ್ಳುತ್ತಾನೆ. ವರ್ಷ ಕಳೆದ ಮೇಲೆ ನಡೆದ ಸಂಗತಿಗಳ ಬೆಳಕಿನಲ್ಲಿ ಅರ್ಥವು ಇನ್ನಷ್ಟು ಸ್ಫುಟವಾಗುತ್ತದೆ. ಕಾರಣಿಕದ ನುಡಿ ಬಾಳುವುದೇ ಹೀಗೆ. ಕೇಳುವವನು ತನ್ನ ಬಾಳನ್ನು ಅದರೊಳಗೆ ಇಟ್ಟು ನೋಡಲು ಎಡೆಯಿರುವುದೇ ಅದರ ಶಕ್ತಿ. ಅದನ್ನು ಲಘುವಾಗಿ ಕಾಣುವುದು ನಮ್ಮ ಉದ್ದೇಶವಲ್ಲ.

ಮುಳುಗುಗಣಕದ ನುಡಿಯೂ ಚಿಕ್ಕದು: ‘೯ ಮೀಟರು, ೪ ನಿಮಿಷ’. ಇದಕ್ಕೆ ಕಾರಣಿಕದ ಎಡೆ ಸಲ್ಲದು. ಬೇನೆ ಬಾರದಿದ್ದರೆ ಮಾದರಿ ಸರಿಯೆಂದೂ, ಬಂದರೆ ಆತ ನೀರು ಸಾಲದಷ್ಟು ಕುಡಿದಿದ್ದ, ದಣಿದಿದ್ದ, ಅವನ ಹೃದಯದಲ್ಲಿ ರಂಧ್ರವಿತ್ತು ಎಂದೂ ಹೇಳುತ್ತ ಹೋದರೆ ಮಾದರಿ ಎಂದೆಂದಿಗೂ ತಪ್ಪಾಗುವುದಿಲ್ಲ. ಈ ಕಾರಣಗಳಲ್ಲಿ ಹುರುಳಿಲ್ಲವೆಂದಲ್ಲ. ಹೃದಯದ ಮೇಲ್ಗೂಡುಗಳ ನಡುವಣ ರಂಧ್ರವು ಪೂರ್ತಿ ಮುಚ್ಚದೆ ಉಳಿದವರು ನಾಲ್ವರಲ್ಲಿ ಒಬ್ಬರಷ್ಟಿದ್ದಾರೆ. ಚಳಿ, ಶ್ರಮ, ವಯಸ್ಸು ಇವೂ ಪರಿಣಾಮಕಾರಿಯಾದವುಗಳೇ. ಆದರೆ ತಪ್ಪೆಲ್ಲ ಮುಳುಗುಗಾರನದು, ಒಪ್ಪೆಲ್ಲ ಮಾದರಿಯದು ಎಂಬ ವ್ಯಾಖ್ಯಾನಪದ್ಧತಿ ವಿಜ್ಞಾನದಲ್ಲಿ ನಡೆಯದು. ತಾನು ಎಲ್ಲಿ ತಪ್ಪಬಹುದೆಂದು ಮುಂಚಿತವಾಗಿ ಹೇಳಿ, ಆ ಸ್ಥಳದಲ್ಲಿ ಪರೀಕ್ಷೆಗೆ ತಲೆಯೊಡ್ಡಿದ ಮಾದರಿಯೇ ಬೆಲೆಯುಳ್ಳದ್ದು. ಈ ಲೇಖನದಲ್ಲಿ ನಾವು ಹಿಡಿದಿರುವ ಒರೆಗಲ್ಲು ಇದೊಂದೇ.

೬

ಅಂತಹ ಪರೀಕ್ಷೆಯೊಂದು ನಡೆದಿದೆ. ಅಮೆರಿಕದ ನೌಕಾದಳದ ಪ್ರಾಯೋಗಿಕ ಮುಳುಗು ಘಟಕದಲ್ಲಿ ಡೂಲೆಟ್, ಗರ್ತ್, ಗಾಲ್ಟ್ ಎಂಬವರು ನಡೆಸಿ ೨೦೧೧ರಲ್ಲಿ ವರದಿ ಮಾಡಿದ ಪ್ರಯೋಗವದು. ೧೭೦ ಅಡಿ, ಎಂದರೆ ಸುಮಾರು ೫೨ ಮೀಟರು ಆಳಕ್ಕೆ ೩೦ ನಿಮಿಷದ ಮುಳುಗು, ಉಸಿರಾಟಕ್ಕೆ ಗಾಳಿ. ನಿಲುಗಡೆಗಳ ಒಟ್ಟು ಕಾಲ ಎರಡು ಕ್ರಮಗಳಲ್ಲಿಯೂ ೧೭೪ ನಿಮಿಷ. ವ್ಯತ್ಯಾಸವಿದ್ದುದು ಆ ಕಾಲದ ಹಂಚಿಕೆಯಲ್ಲಿ ಮಾತ್ರ: ಗುಳ್ಳೆಯ ಮಾದರಿಯಿಂದ ಪಡೆದ ಕ್ರಮದಲ್ಲಿ ಮೊದಲ ನಿಲುಗಡೆ ೭೦ ಅಡಿಯಲ್ಲಿ, ಕರಗಿದ ಅನಿಲದ ಮಾದರಿಯಿಂದ ಪಡೆದುದರಲ್ಲಿ ೪೦ ಅಡಿಯಲ್ಲಿ. ಎರಡನೆಯ ಕ್ರಮದಲ್ಲಿ ೧೯೨ ಮುಳುಗುಗಳು ನಡೆದು ಮೂವರಿಗೆ ಬೇನೆ ಬಂದಿತು. ಆಳದ ನಿಲುಗಡೆಯ ಕ್ರಮದಲ್ಲಿ ೧೯೮ ಮುಳುಗುಗಳು ನಡೆದು ಬೇನೆ ಬಂದವರ ಸಂಖ್ಯೆ ಅದರ ಮೂರು ಪಟ್ಟಿಗೂ ಮಿಕ್ಕಿತು.

ಇದಕ್ಕೆ ಕಾರಣವನ್ನು ಹಾಲ್ಡೇನನ ಲೆಕ್ಕದಿಂದಲೇ ತಿಳಿಯಬಹುದು. ೫೨ ಮೀಟರಿನಲ್ಲಿ ಉಸಿರಿನ ಸಾರಜನಕದ ಒತ್ತಡ ಸುಮಾರು ೪.೯ ಬಾರ್. ೮೦ ನಿಮಿಷದ ಅರ್ಧಾವಧಿಯ ನಿಧಾನದ ಅಂಗಾಂಶವೊಂದು ೩೦ ನಿಮಿಷದಲ್ಲಿ ೦.೭೯ರಿಂದ ಸುಮಾರು ೧.೭೩ಕ್ಕೆ ಏರಿರುತ್ತದೆ. ೭೦ ಅಡಿ, ಎಂದರೆ ೨೧ ಮೀಟರಿನಲ್ಲಿ ನಿಂತಾಗ ಉಸಿರಿನ ಸಾರಜನಕ ೨.೪೫ ಬಾರ್, ಹೊರಗೆ ಹೆಚ್ಚು, ಒಳಗೆ ಕಡಮೆ. ಆದುದರಿಂದ ಆ ಅಂಗಾಂಶವು ಬರಿದಾಗುವುದರ ಬದಲು ಇನ್ನೂ ತುಂಬುತ್ತಲೇ ಇರುತ್ತದೆ. ೧೨ ಮೀಟರಿನಲ್ಲಿ ಉಸಿರಿನ ಸಾರಜನಕ ೧.೭೪, ಅಲ್ಲಿ ತುಂಬುವಿಕೆ ನಿಂತುಹೋಗುತ್ತದೆ. ಬೇಗದ ಅಂಗಾಂಶಗಳ ಗುಳ್ಳೆಯನ್ನು ತಡೆಯಲು ಆಳದಲ್ಲಿ ಕಳೆದ ನಿಮಿಷಗಳ ಸಾಲವನ್ನು ನಿಧಾನದ ಅಂಗಾಂಶಗಳು ಕೊನೆಯಲ್ಲಿ ತೀರಿಸಬೇಕಾಗುತ್ತದೆ.

ಈ ಪ್ರಯೋಗಕ್ಕೆ ಎತ್ತಿದ ಆಕ್ಷೇಪಗಳನ್ನೂ ಹೇಳುವುದು ನ್ಯಾಯ. ತಾಂತ್ರಿಕ ಮುಳುಗಿನವರು ಹೀಲಿಯಮ್ಮನ್ನೂ, ಮೇಲ್ಮಟ್ಟದ ನಿಲುಗಡೆಗಳಲ್ಲಿ ಆಮ್ಲಜನಕವನ್ನೂ ಬಳಸುವರು. ಇಲ್ಲಿ ಬಳಸಿದುದು ಬರಿಯ ಗಾಳಿ. ಪರೀಕ್ಷೆಗೊಳಗಾದ ಗುಳ್ಳೆಯ ಮಾದರಿಯು ನೌಕಾದಳದ್ದೇ ಹೊರತು ವಿಪಿಎಂ ಅಲ್ಲ. ಇವೆರಡೂ ನಿಜ. ಆದರೆ ಪ್ರಯೋಗವು ಪರೀಕ್ಷಿಸಿದುದು ಯಾವುದೋ ಒಂದು ಹೆಸರಿನ ಮಾದರಿಯನ್ನಲ್ಲ, ಸಮಾನವಾದ ಕಾಲವನ್ನು ಆಳದಲ್ಲಿ ಕಳೆಯುವುದು ಮೇಲೋ ಮೇಲ್ಮಟ್ಟದಲ್ಲಿ ಕಳೆಯುವುದು ಮೇಲೋ ಎಂಬ ತತ್ತ್ವವನ್ನು. ತತ್ತ್ವವು ಗಾಳಿಯಲ್ಲಿ ಸೋತು ಹೀಲಿಯಮ್ಮಿನಲ್ಲಿ ಗೆಲ್ಲುತ್ತದೆಂದು ವಾದಿಸುವವರು ತಮ್ಮ ಪರೀಕ್ಷೆಯನ್ನು ತಾವೇ ತೋರಿಸಬೇಕಾಗಿದೆ. ಈ ವರದಿ ಬಂದ ಬಳಿಕ ಗ್ರೇಡಿಯೆಂಟ್ ಫ್ಯಾಕ್ಟರಿನ ಮೊದಲ ಅಂಕೆಯನ್ನು ೫೦ರ ಆಸುಪಾಸಿಗೆ ಏರಿಸಿಕೊಂಡ ತಾಂತ್ರಿಕ ಮುಳುಗಿನವರು ಹಲವರು; ಅವರ ನಡೆ ಸಾಧುವೆಂದು ನಮ್ಮ ಅಭಿಪ್ರಾಯ.

೭

ಇನ್ನು ಮುಳುಗುಗಣಕಗಳ ವಿಷಯ. ೧೯೮೩ರಲ್ಲಿ ಆರ್ಕಾ ಎಡ್ಜ್ ಮಾರುಕಟ್ಟೆಗೆ ಬಂದಂದಿನಿಂದ ಯಂತ್ರಗಳು ಚಿಕ್ಕವಾಗಿವೆ, ಅಂಕೆಗಳು ನಿಚ್ಚಳವಾಗಿವೆ. ಮಾದರಿಯ ದೃಷ್ಟಿಯಿಂದ ಇವುಗಳನ್ನು ಎರಡು ಪಂಗಡವಾಗಿ ನೋಡಬಹುದು. ಕೆನಡದ ಶಿಯರ್‌ವಾಟರ್ ಸಂಸ್ಥೆಯ ಯಂತ್ರಗಳೂ, ೨೦೧೭ರಲ್ಲಿ ಬಂದ ಗಾರ್ಮಿನ್ ಡಿಸೆಂಟ್ ಶ್ರೇಣಿಯೂ ಝಡ್‌ಎಚ್‌ಎಲ್-೧೬ಸಿ ಮಾದರಿಯನ್ನು ಗ್ರೇಡಿಯೆಂಟ್ ಫ್ಯಾಕ್ಟರುಗಳೊಡನೆ ಬಳಸುತ್ತವೆ. ಶಿಯರ್‌ವಾಟರಿನಲ್ಲಿ ಬೇಕೆಂದವರಿಗೆ ವಿಪಿಎಂ ಮಾದರಿಯೂ ದೊರೆಯುತ್ತದೆ. ಫಿನ್ಲೆಂಡಿನ ಸೂಂಟೊ ಬಹು ವರ್ಷಗಳ ಕಾಲ ಆರ್‌ಜಿಬಿಎಂ ಕುಲದ ಮಾದರಿಗಳನ್ನು ಬಳಸಿತು. ಅವುಗಳಲ್ಲಿ ಎಚ್ಚರಿಕೆಯ ಮಟ್ಟವನ್ನು ಪಿ೦, ಪಿ೧, ಪಿ೨ ಎಂಬ ಗುರುತುಗಳಿಂದ ಆರಿಸಬೇಕಾಗಿತ್ತು. ಅದೇ ಸಂಸ್ಥೆಯು ೨೦೨೪ರಲ್ಲಿ ಹೊರತಂದ ಸೂಂಟೊ ಓಷನ್ ಯಂತ್ರದಲ್ಲಿ ಬ್ಯೂಲ್‌ಮನ್ ಮಾದರಿಯನ್ನು ಗ್ರೇಡಿಯೆಂಟ್ ಫ್ಯಾಕ್ಟರುಗಳೊಡನೆ ಅಳವಡಿಸಿರುವುದು ಕಾಲದ ಒಲವನ್ನು ತೋರಿಸುತ್ತದೆ.

ಈ ಎರಡು ಪದ್ಧತಿಗಳ ಅಂತರವು ಎಚ್ಚರಿಕೆಯ ಹೆಚ್ಚು ಕಡಮೆಯಲ್ಲಿಲ್ಲ. ಪಿ೧ ಎಂದು ಆರಿಸಿದವನಿಗೆ ತಾನು ಹಿಂದಿಗಿಂತ ಹೆಚ್ಚು ಎಚ್ಚರದಲ್ಲಿದ್ದೇನೆಂದು ತಿಳಿಯುತ್ತದೆ. ಎಷ್ಟು ಎಂಬುದು ತಿಳಿಯುವುದಿಲ್ಲ. ೫೦/೭೦ ಎಂದು ಆರಿಸಿದವನಿಗೆ ಎಷ್ಟೆಂಬುದು ಗೊತ್ತು, ಜೊತೆಯವನ ಅಂಕೆಯೊಡನೆ ಹೋಲಿಸಬಹುದು, ಗಣಕ ಕೆಟ್ಟರೆ ಬರೆದಿಟ್ಟುಕೊಂಡ ಕೋಷ್ಟಕದಿಂದ ಅದೇ ಕ್ರಮದಲ್ಲಿ ಮೇಲೆ ಬರಬಹುದು. ಆದುದರಿಂದ ಬ್ಯೂಲ್‌ಮನ್ ಮಾದರಿಯನ್ನು ನಾವು ಮೇಲೆಂದು ಎಣಿಸುವುದು ಅದು ದೇಹದ ಸತ್ಯವನ್ನು ಹೆಚ್ಚಾಗಿ ಬಲ್ಲದೆಂದಲ್ಲ. ಆಳ, ಕಾಲ, ಅನಿಲ ಇವು ಮೂರನ್ನುಳಿದು ಯಾವ ಮಾದರಿಯೂ ದೇಹದ ವಿಷಯವಾಗಿ ಏನನ್ನೂ ಅರಿಯದು. ತನ್ನ ಅಜ್ಞಾನದ ಎಲ್ಲೆಯನ್ನು ಅದು ಮರೆಮಾಡದೆ ತೋರಿಸುತ್ತದೆ, ಆ ಎಲ್ಲೆಯನ್ನು ಎಲ್ಲಿ ಇಡಬೇಕೆಂಬ ಹೊಣೆಯನ್ನು ಬಳಸುವವನ ಕೈಗೇ ಕೊಡುತ್ತದೆ ಎಂಬುದಕ್ಕಾಗಿ.

೮

ಕೊನೆಯದಾಗಿ ಘಟ್ಟದ ಹಾದಿಗೆ ಬರೋಣ. ನೇತ್ರಾಣಿಯಲ್ಲಿ ತಾಂತ್ರಿಕ ಮುಳುಗು ಅಪರೂಪ. ಮೊದಲ ಸಲ ಮುಳುಗುವವರನ್ನು ೧೨ ಮೀಟರಿಗಿಂತ ಕೆಳಗೆ ಒಯ್ಯಬಾರದೆಂಬುದು ತರಬೇತಿಯ ಕಟ್ಟಳೆ. ಅಷ್ಟು ಆಳಕ್ಕೆ ಕಡ್ಡಾಯದ ನಿಲುಗಡೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ನಿಲುಗಡೆ ಬೇಡವೆಂದು ಹೇಳುವುದೂ ಅದೇ ಮಾದರಿ, ಮತ್ತು ಅದು ಹಾಗೆ ಹೇಳುವಾಗ ಮುಳುಗಿದವನು ಮೇಲೆ ಬಂದು ಸಮುದ್ರ ಮಟ್ಟದಲ್ಲಿಯೇ ಉಳಿಯುವನೆಂದು ಎಣಿಸಿರುತ್ತದೆ. ಮಣಿಕಟ್ಟಿನ ಗಣಕಕ್ಕೆ ಈತ ಸಂಜೆ ದೇವಿಮನೆ ಘಟ್ಟವನ್ನೇರುವನೆಂಬುದು ತಿಳಿಯದು.

ರಾಣೇಬೆನ್ನೂರು, ದೇವರಗುಡ್ಡಗಳ ನೆಲವು ಸಮುದ್ರ ಮಟ್ಟದಿಂದ ಸುಮಾರು ೬೦೦ ಮೀಟರು ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡ ಕರಾವಳಿಗಿಂತ ಶೇಕಡಾ ೭ರಷ್ಟು ಕಡಮೆ. ನೀರಿನ ಲೆಕ್ಕದಲ್ಲಿ ಇದು ಮತ್ತೆ ೭೦ ಸೆಂಟಿಮೀಟರು ಮೇಲಕ್ಕೆ ಬಂದಂತೆ. ಸುಮಾರು ೯೨೦ ಮೀಟರು ಎತ್ತರದ ಬೆಂಗಳೂರಿಗೆ ಹೋಗುವವನು ಒಂದು ಮೀಟರು, ೧,೯೩೦ ಮೀಟರಿನ ಮುಳ್ಳಯ್ಯನಗಿರಿಯನ್ನೇರುವವನು ಎರಡು ಮೀಟರು ಮೇಲೆ ಬಂದಂತಾಗುವುದು. ಅಂಕೆಗಳು ಚಿಕ್ಕವು, ನಿಜ. ಒಂದು ಸಾಧಾರಣ ಮುಳುಗಿನ ಬಳಿಕ ದೇವರಗುಡ್ಡದ ಎತ್ತರದಿಂದ ಕೇಡಾಗುವ ಸಂಭವವೂ ಚಿಕ್ಕದೇ. ಆದರೆ ಮೂರು ದಿನ ದಿನಕ್ಕೆರಡರಂತೆ ಮುಳುಗಿ, ಅಥವಾ ನಿಲುಗಡೆಯ ಮುಳುಗನ್ನು ಮಾಡಿ, ಮಿತಿಯ ಅಂಚಿನಲ್ಲಿ ಹೊರಬಂದವನಿಗೆ ಉಳಿದಿರುವ ಅವಕಾಶವೂ ಚಿಕ್ಕದೆಂಬುದನ್ನು ಮರೆಯಲಾಗದು.

ಈ ವಿಷಯದಲ್ಲಿ ಮುಳುಗುಗಾರರ ಸುರಕ್ಷತೆಗಾಗಿರುವ ಡ್ಯಾನ್ ಸಂಸ್ಥೆಯು ೨೦೦೨ರಲ್ಲಿ ಏರ್ಪಡಿಸಿದ ತಜ್ಞರ ಸಭೆಯಿಂದ ಬಂದ ನಿಯಮಗಳೇ ಈಗಲೂ ರೂಢಿಯಲ್ಲಿವೆ: ನಿಲುಗಡೆ ಬೇಡದ ಒಂದೇ ಮುಳುಗಿನ ಬಳಿಕ ೧೨ ಗಂಟೆ, ಹಲವು ಮುಳುಗುಗಳ ಬಳಿಕ ೧೮ ಗಂಟೆ, ಕಡ್ಡಾಯ ನಿಲುಗಡೆಯಿದ್ದ ಮುಳುಗಿನ ಬಳಿಕ ೧೮ ಗಂಟೆಗಿಂತ ಸಾಕಷ್ಟು ಹೆಚ್ಚು ಕಾಲ ವಿಮಾನವೇರಬಾರದು. ಇವು ೨,೦೦೦ದಿಂದ ೮,೦೦೦ ಅಡಿಯ, ಎಂದರೆ ೬೧೦ರಿಂದ ೨,೪೪೦ ಮೀಟರಿನವರೆಗಿನ ಎತ್ತರಕ್ಕೆ ಸಮನಾದ ಒತ್ತಡದ ಪ್ರಯಾಣಗಳಿಗೆ ಅನ್ವಯಿಸುತ್ತವೆ. ಬೆಂಗಳೂರು ಈ ಎಲ್ಲೆಯ ಒಳಗಿದೆ. ದೇವರಗುಡ್ಡವು ಬಹುಮಟ್ಟಿಗೆ ಎಲ್ಲೆಯ ಮೇಲೆಯೇ ಇದೆ. ೨,೦೦೦ ಅಡಿ ಎಂಬುದು ಎಣಿಕೆಯ ಅನುಕೂಲಕ್ಕಾಗಿ ಇಟ್ಟುಕೊಂಡ ಪೂರ್ಣಾಂಕ. ೫೯೫ ಮೀಟರಿನಲ್ಲಿ ಸುಮ್ಮನಿದ್ದ ಗುಳ್ಳೆಯು ೬೧೫ ಮೀಟರಿನಲ್ಲಿ ಎಚ್ಚರಗೊಳ್ಳುವುದೆಂದು ಯಾರೂ ಹೇಳಲಾರರು. ಬಸ್ಸಿಗೂ ಕಾರಿಗೂ ಅನ್ವಯಿಸುವುದಿಲ್ಲವೆಂದು ವಿಮಾನದ ನಿಯಮವನ್ನು ಬದಿಗಿಡುವುದಂತೂ ಸರಿಯಲ್ಲ. ದೇಹವು ಬಲ್ಲುದು ಒತ್ತಡವನ್ನು, ವಾಹನವನ್ನಲ್ಲ.

ಇಲ್ಲಿ ಇನ್ನೊಂದು ಅಪಾಯವಿದೆ. ಕಡಲಿನಿಂದ ಹಿಂದಿರುಗಿದವನಿಗೆ ರಾತ್ರಿ ಭುಜದಲ್ಲೋ ಮೊಣಕಾಲಿನಲ್ಲೋ ನೋವು ಕಾಣಿಸಿಕೊಂಡರೆ ಅದನ್ನು ಪ್ರಯಾಣದ ದಣಿವೆಂದು ಬಗೆದು ಎಣ್ಣೆ ತಿಕ್ಕಿ ಮಲಗುವುದು ನಮ್ಮ ಕಡೆಯ ವಾಡಿಕೆ. ಹಿಂದಿನ ದಿನ ಸಮುದ್ರದಲ್ಲಿ ಮುಳುಗಿದ್ದೆನೆಂದು ಅವನು ಹೇಳದಿದ್ದರೆ ಕರಾವಳಿಯಿಂದ ದೂರದ ಊರಿನ ವೈದ್ಯರಿಗೆ ಅದು ಹೊಳೆಯುವುದೂ ಕಷ್ಟ. ಈ ಬೇನೆಗೆ ಮೊದಲ ಉಪಚಾರ ಶುದ್ಧ ಆಮ್ಲಜನಕ, ಮುಂದಿನದು ಒತ್ತಡದ ಕೋಣೆಯ ಚಿಕಿತ್ಸೆ. ತಡವಾದಷ್ಟೂ ಫಲ ಕಡಮೆ. ಮಾದರಿಗಳ ಗುಣದೋಷದ ಚರ್ಚೆ ವಿದ್ವಾಂಸರ ವಿನೋದವಲ್ಲವೆಂಬುದು ಇಷ್ಟರಿಂದ ವಿದಿತವಾಗುತ್ತದೆ.

ಒಟ್ಟಿನಲ್ಲಿ ನಮ್ಮ ನಿರ್ಣಯ ಹೀಗಿದೆ. ಕರಗಿದ ಅನಿಲದ ಮಾದರಿಯು ಗುಳ್ಳೆಯ ಮಾದರಿಗಿಂತ ಸರಳವಾದುದು, ವಿವರಣೆಯಲ್ಲಿ ಬಡವಾದುದು. ಆದರೂ ಪರೀಕ್ಷೆಯಲ್ಲಿ ಮೇಲಾದುದು. ಗಣಕವನ್ನು ಆರಿಸುವವರು ಸೂತ್ರವೂ ಅಂಕೆಯೂ ಪ್ರಕಟವಾಗಿರುವುದನ್ನು ಆರಿಸುವುದು ಯುಕ್ತ. ಜೊತೆಗೂಡಿ ಮುಳುಗುವವರು ಒಂದೇ ಮಾದರಿಯನ್ನು ಒಂದೇ ಅಂಕೆಗಳೊಡನೆ ಇಟ್ಟುಕೊಳ್ಳುವುದು ಯುಕ್ತತರ. ಘಟ್ಟದ ಮೇಲಿನವರಾದ ನಾವಂತೂ ಮುರ್ಡೇಶ್ವರದಲ್ಲಿ ಕಳೆಯುವ ಒಂದು ರಾತ್ರಿಯನ್ನು ಮುಳುಗಿನ ಕೊನೆಯ ನಿಲುಗಡೆಯೆಂದೇ ಎಣಿಸತಕ್ಕದ್ದು. ಅದನ್ನು ಯಾವ ಗಣಕವೂ ತಾನಾಗಿ ಹೇಳದು.